ಮೊದಲು ಕಲ್ಲು, ಆಮೇಲೆ ಮೂಳೆ

ನಮಸ್ಕಾರ್ರೀ ಎಲ್ಲರಿಗೂ. ಬಾಗಲಕೋಟೆಯಿಂದ ಮಾತಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿದೆ, ನಿದ್ದೆನೇ ಬರಲಿಲ್ಲ. ಪ್ಯಾರಿಸ್ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಕಲ್ಲಿನ ಕಥಿ ಬಿಡ್ರಿ, ತಲೆಬುರುಡೆ ಗವಿ ತೋರಸ್ರಿ. ಅಲ್ಲಿ ದೆವ್ವ ಅದಾವಂತ."

ಅಣ್ಣ ಅಂದಿದ್ದೀರಿ, ಹಾಗಾದರೆ ಅಣ್ಣನ ಮಾತು ಕೇಳಿ. ಪ್ಯಾರಿಸ್‌ನ ಕ್ಯಾಟಕೂಂಬ್ಸ್ ಅಂತಾರಲ್ಲ, ಅದು ಗವಿ ಅಲ್ಲ. ಅದು ಸುಣ್ಣದ ಕಲ್ಲಿನ ಗಣಿ. ಮೊದಲು ಕಲ್ಲು, ಆಮೇಲೆ ಮೂಳೆ.

ನೋತ್ರ್ ದಾಮ್ ಚರ್ಚು, ಲೂವ್ರ್ ಅರಮನೆ, ಫೋಟೋದಲ್ಲಿ ನೋಡಿರುತ್ತೀರಲ್ಲ? ಅವುಗಳ ಕಲ್ಲು ಬಂದದ್ದು ಪ್ಯಾರಿಸ್ ನೆಲದ ಹೊಟ್ಟೆಯಿಂದ. ಮೊದಮೊದಲು ನಮ್ಮ ಕಡೆ ತೆಗೆಯುವ ಹಾಗೆ ಮೇಲಿಂದಲೇ ತೆಗೆದರು. ಆಮೇಲೆ ಬಾವಿಯಂಥ ಗುಂಡಿ ತೋಡಿ ಕೆಳಗಿಳಿದು, ಅಡ್ಡಡ್ಡ ಸುರಂಗ ಕೊರೆಯುತ್ತಾ ಹೋದರು. ಕಲ್ಲು ಮೇಲೆತ್ತಲು ಒಂದು ದೊಡ್ಡ ಮರದ ಗಾಲಿ. ಅದರ ಗೂಟಗಳ ಮೇಲೆ ಮನುಷ್ಯ ಏಣಿ ಹತ್ತಿದ ಹಾಗೆ ಹತ್ತಬೇಕು. ಅವನ ಮೈಭಾರಕ್ಕೆ ಗಾಲಿ ತಿರುಗಬೇಕು, ಹಗ್ಗ ಸುತ್ತಬೇಕು, ಆಗ ಕಲ್ಲು ಮೇಲೆ ಬರುತ್ತದೆ. ಇಡೀ ದಿನ ಅದೇ ಕೆಲಸ. ದೆವ್ವದ ವಿಡಿಯೋ ಮಾಡುವವರು ಈ ಮನುಷ್ಯನನ್ನು ಒಂದು ಸಲವಾದರೂ ತೋರಿಸಿದ್ದಾರಾ?

ಕಲ್ಲು ತೆಗೆದು ಹೋದರು, ಜನ ಮರೆತರು, ಮೇಲೆ ಊರು ಬೆಳೆಯಿತು. 1774ರ ಡಿಸೆಂಬರ್‌ನಲ್ಲಿ ಒಂದು ಬೀದಿಯೇ ಕುಸಿಯಿತು. ಆ ಬೀದಿಯ ಹೆಸರಿನ ಅರ್ಥವೇ ನರಕದ ಬೀದಿ! 1777ರಲ್ಲಿ ಫ್ರಾನ್ಸಿನ ರಾಜ 16ನೇ ಲೂಯಿ ಗಣಿಗಳನ್ನು ನೋಡಿಕೊಳ್ಳಲಿಕ್ಕೆ ಅಂತಲೇ ಒಂದು ಕಚೇರಿ ಮಾಡಿದ. ಗಿಯೋಮೋ ಎಂಬ ವಾಸ್ತುಶಿಲ್ಪಿ ಅದರ ಮುಖ್ಯಸ್ಥ. ಅವನ ಜನ ಕೆಳಗಿಳಿದು ಕಂಬ ಕಟ್ಟಿದರು, ಗೋಡೆ ಎಬ್ಬಿಸಿದರು. ಮೇಲಿರುವ ಬೀದಿಯ ಹೆಸರನ್ನು ಕೆಳಗಿನ ಗೋಡೆಯಲ್ಲೂ ಕೆತ್ತಿದರು. ಆ ಗೋಡೆಗಳಲ್ಲಿ '1 ಜಿ 1777' ಅನ್ನುವಂಥ ಗುರುತುಗಳಿವೆ. ಆ ವರ್ಷದ ಎಷ್ಟನೇ ಕೆಲಸ ಅನ್ನುವುದು ಮೊದಲ ಅಂಕಿ, ಜಿ ಅಂದರೆ ಗಿಯೋಮೋ, ಕೊನೆಯದು ವರ್ಷ. ಕೆಲಸ ಮಾಡಿ ಸಹಿ ಹಾಕಿದ್ದಾರೆ. ಪ್ಯಾರಿಸ್ ಇವತ್ತು ನಿಂತಿರುವುದು ಆ ಸಹಿಗಳ ಮೇಲೆ.

ಮೂಳೆ ಬಂದದ್ದು ಆಮೇಲೆ. ಊರೊಳಗಿನ ಸ್ಮಶಾನಗಳು ತುಂಬಿ ನಾರತೊಡಗಿದವು. 1786ರಿಂದ ರಾತ್ರಿ ಹೊತ್ತು ಗಾಡಿಗಳಲ್ಲಿ ಮೂಳೆ ತಂದು ಈ ಖಾಲಿ ಗಣಿಗೆ ತುಂಬಿದರು. ಸುಮಾರು 60 ಲಕ್ಷ ಜನರ ಮೂಳೆ ಅಂತಾರೆ. ಇಷ್ಟಾದರೂ ಅದು ಗಣಿಯ ಒಂದು ಮೂಲೆ, ಅಷ್ಟೇ. ಪ್ರವಾಸಿಗರು ನಡೆಯುವ ದಾರಿ ಒಂದೂವರೆ ಕಿಲೋಮೀಟರ್. ಒಟ್ಟು ಸುರಂಗ 300 ಕಿಲೋಮೀಟರಿನ ಹತ್ತಿರ. ಈಗ ಹೇಳಿ, ಅದು ಮೂಳೆಯ ಜಾಗವೋ, ಕಲ್ಲಿನ ಜಾಗವೋ?

ವಿಡಿಯೋ ಎಡಿಟ್ ಮಾಡುವ ನಮ್ಮ ಹುಡುಗ ಹೇಳುತ್ತಾನೆ, "ಜನಕ್ಕ ದೆವ್ವಾನ ಬೇಕ್ರಿ ಸರ್." ಸುಳ್ಳು! ಜನಕ್ಕೆ ಕಥೆ ಬೇಕು. ಡೆಕ್ಯೂರ್ ಅಂತ ಒಬ್ಬ ಗಣಿ ಕೆಲಸಗಾರ ಇದ್ದ, ಮುಂಚೆ ಸಿಪಾಯಿ. ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ, ತಾನು ಹಿಂದೆ ಕಂಡಿದ್ದ, ಮಿನೋರ್ಕಾ ದ್ವೀಪದ ಪೋರ್ಟ್ ಮಾಹೋನ್ ಕೋಟೆಯನ್ನು ನೆನಪಿನಿಂದಲೇ ಗಣಿಯ ಗೋಡೆಯಲ್ಲಿ ಕೆತ್ತಿದ. ಕಿಟಕಿ, ಮೆಟ್ಟಿಲು, ಎಲ್ಲಾ. ವರ್ಷಗಟ್ಟಲೆ, ದೀಪದ ಬೆಳಕಲ್ಲಿ. ಜನ ಬಂದು ನೋಡಲಿ ಅಂತ ಮೆಟ್ಟಿಲು ಮಾಡಲು ಹೋದಾಗ ಮೇಲಿನ ಕಲ್ಲು ಕುಸಿದು ಸತ್ತ. ಅವನು ಕೆತ್ತಿದ್ದು ಇನ್ನೂ ಇದೆ. ಇದಕ್ಕಿಂತ ದೆವ್ವ ಬೇಕಾ ನಿಮಗೆ?

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿರದಿದ್ದರೆ ಈಗಲೇ ಆಗಿ, ಗಂಟೆ ಒತ್ತಿ. ಇಂಥ ಕಥೆ ಕನ್ನಡದಲ್ಲಿ ಹೇಳುವವರು ಜಾಸ್ತಿ ಇಲ್ಲ.

ಇನ್ನೊಬ್ಬರು ಕೇಳಿದ್ದಾರೆ, ಪ್ಯಾರಿಸ್ ಗಣಿ ಕಟ್ಟಿಕೊಂಡು ಬಾಗಲಕೋಟೆಯವರಿಗೆ ಏನಾಗಬೇಕು ಅಂತ. ಯಪ್ಪಾ! ಲೋಕಾಪುರ, ಮುಧೋಳ ಕಡೆ ನೆಲದಲ್ಲಿ ಏನಿದೆ? ಸುಣ್ಣದ ಕಲ್ಲು. ಭೂವಿಜ್ಞಾನದ ಪುಸ್ತಕದಲ್ಲಿ ಈ ಕಡೆಯ ಕಲ್ಲಿನ ಪದರಗಳಿಗೆ ನಮ್ಮ ಕಲಾದಗಿ ಹೆಸರೇ ಇದೆ, ಗೊತ್ತಾ? ನಮ್ಮಪ್ಪ ಫರಸಿ ಕೂರಿಸುವ ಕೆಲಸ ಮಾಡುತ್ತಿದ್ದರು. ಪ್ರತಿ ಕಲ್ಲನ್ನೂ ಸುತ್ತಿಗೆಯ ಹಿಡಿಯಿಂದ ಬಡಿದು ಕಿವಿ ಕೊಡುತ್ತಿದ್ದರು. ಠಣ್ ಅಂದರೆ ಗಟ್ಟಿ, ದಪ್ ಅಂದರೆ ಒಳಗೆ ಬಿರುಕು. ಆ ಕೈಗೆ ಮೊದಲು ಮರ್ಯಾದೆ ಕೊಡಿ!

ಪಟ್ಟದಕಲ್ಲಿಗೇ ಬನ್ನಿ. ಅದು ಮರಳುಗಲ್ಲು, ಸುಣ್ಣದ ಕಲ್ಲಲ್ಲ, ಆದರೆ ಮಾತು ಒಂದೇ. ವಿರೂಪಾಕ್ಷ ಗುಡಿ ಕಟ್ಟಿದ ಅನಿವಾರಿತಾಚಾರಿ ಗುಂಡನ ಹೆಸರು ಶಾಸನದಲ್ಲಿದೆ. ಕಲ್ಲು ತೆಗೆದ ಗುಡ್ಡ ಅಲ್ಲೇ ಹತ್ತಿರದಲ್ಲಿದೆ. ಕಲ್ಲು ಸೀಳಲು ಹೊಡೆದ ಗುರುತು, ಕೆಲಸಗಾರರು ಕೆತ್ತಿಟ್ಟ ಹೆಸರು, ಚಿತ್ರ, ಎಲ್ಲಾ ಅಲ್ಲಿವೆ. ನಾವು ಗುಡಿ ಮುಂದೆ ಸೆಲ್ಫಿ ತೆಗೆದು, ಮಿರ್ಚಿ ತಿಂದು ಬಸ್ ಹತ್ತುತ್ತೇವೆ. ಆ ಗುಡ್ಡ ಯಾರು ನೋಡಬೇಕು? ಯಾರು? ಮೊದಲು ಕಲ್ಲು ಸ್ವಾಮಿ, ಕಲ್ಲು! ಎಷ್ಟು ಸಲ ಹೇಳಲಿ?

ಮುಂದಿನ ವಿಡಿಯೋ ಆ ಗುಡ್ಡದ ಮೇಲೇ. "ಅಣ್ಣಾ" ಅಂದವರೇ, ನೀವೂ ಬರ್ರಿ. ಬೆಳಿಗ್ಗೆ ಬೇಗ ಹೊರಡೋಣ, ಬಿಸಿಲು ಜೋರು. ನೀರಿನ ಬಾಟ್ಲಿ, ತಲೆಗೊಂದು ಟವೆಲ್ ಮರೀಬ್ಯಾಡ್ರಿ.