ಹೊಸ ಜಾತಿ ಸಿಗುವುದು ಕಪಾಟಿನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪೇಪರ್‌ನಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ, ನೀವೂ ಓದಿರುತ್ತೀರಿ. ಆಳ ಸಮುದ್ರದಲ್ಲಿ ಹೊಸ ಜೀವಿ ಪತ್ತೆ! ಪಕ್ಕದಲ್ಲಿ ಹಡಗಿನದೊಂದು ಫೋಟೋ. ಓದಿದವರಿಗೆ ಏನನ್ನಿಸುತ್ತದೆ? ಹಡಗಿನಿಂದ ಏನೋ ಕೆಳಗೆ ಬಿಟ್ಟರು, ಮೇಲೆ ಎಳೆದರು, ಒಳಗೆ ಹೊಸ ಜೀವಿ ಕೂತಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಗೆಲ್ಲ ಆಗುವುದಿಲ್ಲ. ಸಮುದ್ರದಿಂದ ಬರುವುದು ಬರೀ ಒಂದು ಜೀವಿ. ಅದು ಹೊಸದೋ ಹಳೆಯದೋ ಅಂತ ತೀರ್ಮಾನ ಆಗುವುದು ಹಿಂದೆ ಸಿಕ್ಕ ಜೀವಿಗಳನ್ನು ಇಟ್ಟಿರುವ ಮ್ಯೂಸಿಯಂನ ಕಪಾಟಿನ ಮುಂದೆ, ಎಷ್ಟೋ ಸಲ ವರ್ಷಗಳೇ ಕಳೆದ ಮೇಲೆ. ಹಳೆಯದನ್ನು ಪಕ್ಕದಲ್ಲಿಟ್ಟು ನೋಡದೆ ಯಾವುದನ್ನೂ ಹೊಸದು ಅನ್ನಬಾರದು. ನನಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ಈ ಒಂದು ಮಾತು ನಿಮ್ಮ ತಲೆಯಲ್ಲಿ ಉಳಿದರೆ ಸಾಕು, ಮಿಕ್ಕಿದ್ದು ಮರೆತರೂ ನನಗೆ ಬೇಜಾರಿಲ್ಲ.

ಬ್ರಯೋಜೋವನ್ ಅನ್ನುವ ಪ್ರಾಣಿಯನ್ನೇ ತೆಗೆದುಕೊಳ್ಳೋಣ. ಹೆಸರು ಕೇಳಿ ರೇಡಿಯೋ ಆಫ್ ಮಾಡಬೇಡಿ. ಕರಾವಳಿಯವರಂತೂ ಇದನ್ನು ಖಂಡಿತ ನೋಡಿರುತ್ತೀರಿ. ಪಚ್ಚಿಲೆ ಚಿಪ್ಪಿನ ಮೇಲೆ, ಹಳೇ ದೋಣಿಯ ಅಡಿಯಲ್ಲಿ, ಬಲೆಗೆ ಸಿಕ್ಕ ಕಲ್ಲಿನ ಮೇಲೆ ಸಣ್ಣ ಸಣ್ಣ ಕಣ್ಣುಗಳಿರುವ ಬಿಳಿ ಹಕ್ಕಳೆ ಅಂಟಿಕೊಂಡಿರುತ್ತದಲ್ಲ? ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಏನೋ ಸುಣ್ಣ ಅಂದುಕೊಂಡು ಬಿಟ್ಟಿರುತ್ತೀರಿ. ಸುಣ್ಣವೇ ಅದು, ಆದರೆ ಕಟ್ಟಿದ್ದು ಪ್ರಾಣಿ. ಒಂದಲ್ಲ, ನೂರಾರು.

ವಠಾರ ಅಂದುಕೊಳ್ಳಿ. ಸಾಲು ಸಾಲು ಮನೆ, ಮನೆಮನೆಗೂ ನಡುವೆ ಗೋಡೆ. ಒಂದೊಂದು ಮನೆ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರು. ಮನೆಗೊಂದು ಬಾಗಿಲು. ಒಳಗಿರುವ ಪ್ರಾಣಿ ಬಾಗಿಲು ತೆಗೆದು ಸಣ್ಣ ಎಳೆಗಳ ಗೊಂಚಲನ್ನು ಹೊರಗೆ ಚಾಚುತ್ತದೆ, ತೇಲಿ ಬರುವ ಕಣಗಳನ್ನು ಹಿಡಿದು ತಿನ್ನುತ್ತದೆ, ಏನಾದರೂ ತಾಕಿದರೆ ಸರಕ್ಕನೆ ಒಳಗೆ ಎಳೆದುಕೊಂಡು ಬಾಗಿಲು ಹಾಕಿಬಿಡುತ್ತದೆ. ಕೆಲವು ಮನೆಗಳದ್ದು ಬರೀ ಕಾವಲಿನ ಕೆಲಸ. ಅವು ತಾವಾಗಿ ಊಟ ಮಾಡುವುದೇ ಇಲ್ಲ, ಅಕ್ಕಪಕ್ಕದ ಮನೆಯವರೇ ಸಾಕಬೇಕು. ಅಲ್ಲಿ ಬಾಗಿಲೇ ದವಡೆಯಾಗಿ, ಹಕ್ಕಿಯ ಕೊಕ್ಕಿನ ಆಕಾರಕ್ಕೆ ಬಂದಿರುತ್ತದೆ. ಮೇಲೆ ಹರಿದಾಡುವ ಹುಳು ಸಿಕ್ಕರೆ ಕಚ್ಚಿ ಹಿಡಿಯುತ್ತದೆ. ಇನ್ನು ಕೆಲವು ಮನೆಗಳ ಮೇಲೆ ಗುಂಡಗಿನ ಗೂಡು, ಅದರೊಳಗೆ ಮರಿ. ಇಡೀ ವಠಾರಕ್ಕೆ ಮೂಲ ಒಂದೇ ಮನೆ, ಮೊದಲು ಬಂದು ಕೂತ ಮರಿ ಕಟ್ಟಿದ್ದು. ಉಳಿದದ್ದೆಲ್ಲ ಅದರಿಂದ ಚಿಗುರಿದ್ದು. ಈಗ ಬದುಕಿರುವ ಬ್ರಯೋಜೋವನ್‌ಗಳಲ್ಲಿ ಹೆಸರು ಪಡೆದ ಜಾತಿಗಳೇ ಸುಮಾರು 6000 ಇವೆ. 8000 ಮೀಟರ್ ಆಳದ ಕಂದಕಗಳಲ್ಲೂ ಇವು ಸಿಕ್ಕಿವೆ.

ಆ ಮರಿಯ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಕಾರ್ಯಕ್ರಮದವರು ಚಿಕ್ಕದಾಗಿ ಹೇಳಿ ಅಂದಿದ್ದಾರೆ, ನೋಡೋಣ. ಚಾರ್ಲ್ಸ್ ಡಾರ್ವಿನ್ ಹೆಸರು ಕೇಳಿದ್ದೀರಿ ಅಲ್ವಾ? ಮಂಗ, ಮಾನವ, ವಿಕಾಸ, ಅದೇ ಡಾರ್ವಿನ್. ಅವನು ವಿಜ್ಞಾನದ ಸಭೆಯೊಂದರಲ್ಲಿ ಮೊದಲ ಸಲ ಎದ್ದು ನಿಂತು ಮಾತಾಡಿದ್ದು ಬ್ರಯೋಜೋವನ್ ಬಗ್ಗೆ. ಆಗ ಇನ್ನೂ ಹುಡುಗ, ಅದಕ್ಕೇ ಏಕವಚನ. 1825ರಲ್ಲಿ ಡಾಕ್ಟರ್ ಓದಲೆಂದು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದ. ಅಪ್ಪ ಡಾಕ್ಟರು, ತಾತನೂ ಡಾಕ್ಟರು, ಇವನೂ ಆಗಲಿ ಅಂತ ಮನೆಯವರ ಆಸೆ. ಆದರೆ ಅವನಿಗೆ ಆಪರೇಷನ್ ನೋಡಲಿಕ್ಕೇ ಆಗದು. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ ನೋಡಿ, ಒಂದು ಮಗುವಿಗೆ ಹಾಗೇ ಕೊಯ್ಯುತ್ತಿದ್ದದ್ದನ್ನು ನೋಡಲಾರದೆ ನಡುವೆಯೇ ಎದ್ದು ಓಡಿದ. ಓದಿನಿಂದ ಮನಸ್ಸು ದೂರ ಹೋಯಿತು, ಸಮುದ್ರದ ದಂಡೆ ಹಿಡಿಯಿತು. ಹತ್ತಿರದಲ್ಲೇ ನ್ಯೂಹೇವನ್ ಅಂತ ಮೀನುಗಾರರ ಊರು. ಅಲ್ಲಿಯವರ ಸ್ನೇಹ ಮಾಡಿಕೊಂಡ. ಅವರು ಸಿಂಪಿ ಎಳೆಯಲು ಹೊರಟರೆ ಇವನೂ ಆಗಾಗ ದೋಣಿ ಹತ್ತುತ್ತಿದ್ದ. ಸಿಂಪಿ ಅವರಿಗೆ, ಬಲೆಯ ಕಸ ಇವನಿಗೆ.

ಅವನ ಕೈಗೆ ಫ್ಲಸ್ಟ್ರಾ ಅನ್ನುವ ಬ್ರಯೋಜೋವನ್ ಬಂತು. ಅದರೊಳಗೆ ಚಿಕ್ಕ ಚಿಕ್ಕ ಕಾಳುಗಳು. ಅವನ್ನು ಮೊಟ್ಟೆ ಅಂತ ಕರೆಯುವುದು ಆಗಿನ ರೂಢಿ. ಇವನ ಹತ್ತಿರ ಇದ್ದದ್ದೋ ದರಿದ್ರ ಮೈಕ್ರೋಸ್ಕೋಪು, ವಯಸ್ಸಾದ ಮೇಲೆ ಅವನೇ ಹಾಗೆ ಬರೆದುಕೊಂಡಿದ್ದಾನೆ. ಅದರಲ್ಲಿ ನೋಡಿದರೆ ಮೊಟ್ಟೆ ಸುಮ್ನೆ ಕೂರುತ್ತಿಲ್ಲ! ಮೈಮೇಲಿನ ನವಿರು ರೋಮಗಳನ್ನು ಆಡಿಸುತ್ತಾ ತಾನಾಗಿಯೇ ಈಜುತ್ತಿದೆ. ಮೊಟ್ಟೆ ಎಲ್ಲಾದರೂ ಈಜುತ್ತದೆಯೇ? ಮರಿ ಅದು. ಪುಸ್ತಕದಲ್ಲಿದ್ದ ಮಾತನ್ನೂ ಕಣ್ಣೆದುರಿನ ಪ್ರಾಣಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ, ಅವನು ಮಾಡಿದ್ದು ಇಷ್ಟೇ. 1827ರ ಮಾರ್ಚ್ 27ರಂದು ವಿದ್ಯಾರ್ಥಿಗಳ ಪ್ಲಿನಿಯನ್ ಸೊಸೈಟಿಯಲ್ಲಿ ಇದನ್ನು ಹೇಳಿದ. ವಯಸ್ಸು 18. ಆದರೆ ಅದಕ್ಕೆ ಕೆಲವೇ ದಿನ ಮುಂಚೆ, ಅವನಿಗೆ ದಡದಲ್ಲಿ ದಾರಿ ತೋರಿಸುತ್ತಿದ್ದ ರಾಬರ್ಟ್ ಗ್ರಾಂಟ್ ಇನ್ನೊಂದು ದೊಡ್ಡ ಸಭೆಯಲ್ಲಿ ಅದೇ ವಿಷಯ ಹೇಳಿ ಮುಗಿಸಿದ್ದರು! ಹುಡುಗನಿಗೆ ಬಹಳ ನೋವಾಯಿತು. ಆದರೂ ಆ ಪ್ರಾಣಿಯನ್ನು ಬಿಡಲಿಲ್ಲ. ಮುಂದೆ ಬೀಗಲ್ ಹಡಗಿನಲ್ಲಿ ಹೋದಾಗ, ನಾನು ಆಗ ಹೇಳಿದ ಕಾವಲು ಕೊಕ್ಕಿಗೆ ಸೂಜಿ ಮುಟ್ಟಿಸಿ ನೋಡುತ್ತಿದ್ದ. ಅದು ಸೂಜಿಯ ತುದಿಯನ್ನು ಎಷ್ಟು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತಿತ್ತು ಅಂದರೆ ಸೂಜಿ ಅಲ್ಲಾಡಿಸಿದರೆ ಗಿಡದಂತೆ ಬೆಳೆದ ಆ ವಠಾರದ ಇಡೀ ಕೊಂಬೆ ಅಲ್ಲಾಡುತ್ತಿತ್ತು.

ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಮಯ ಡಾರ್ವಿನ್ನನೇ ತಿಂದುಬಿಟ್ಟ. ಇರಲಿ, ಕೆಲಸದ ಮಾತಿಗೆ ಬರುತ್ತೇನೆ.

ಆಳ ಸಮುದ್ರದಿಂದ ಒಂದು ಕಲ್ಲು ಬಂತು, ಅದರ ಮೇಲೆ ಹಕ್ಕಳೆ ಇದೆ. ಆಳದಲ್ಲಿ ಊಟ ಕಡಿಮೆ, ಹಾಗಾಗಿ ವಠಾರವೂ ಚಿಕ್ಕದು, ಕೆಲವು ಸಲ ಹತ್ತಿಪ್ಪತ್ತು ಮನೆ ಸಿಕ್ಕರೆ ಪುಣ್ಯ. ಅದರಲ್ಲೊಂದು ಚೂರನ್ನು ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಇಡುತ್ತೇವೆ. ಮಾಂಸ, ಚರ್ಮ ಎಲ್ಲ ಕರಗಿ ಸುಣ್ಣದ ಗೋಡೆ ಮಾತ್ರ ಉಳಿಯುತ್ತದೆ. ತೊಳೆದು, ಒಣಗಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ, ಅಬ್ಬಾ, ಅದನ್ನು ರೇಡಿಯೋದಲ್ಲಿ ಹೇಗೆ ತೋರಿಸಲಿ! ಬಾಗಿಲು ಅರ್ಧಚಂದ್ರದ ಆಕಾರ, ಕೆಳಗಿನ ಅಂಚು ನೇರ. ಸುತ್ತ ಮುಳ್ಳುಗಳಿದ್ದ ಗುರುತು. ಬಾಗಿಲ ಕೆಳಗೆ ಒಂದು ಪುಟ್ಟ ಕಿಂಡಿ, ಪಕ್ಕದಲ್ಲಿ ಓರೆಯಾಗಿ ಒಂದು ಕೊಕ್ಕು. ಮುಳ್ಳು ಎಷ್ಟು, ಕಿಂಡಿ ಯಾವ ಆಕಾರ, ಕೊಕ್ಕು ಎತ್ತ ತಿರುಗಿದೆ, ಮರಿಗೂಡಿನ ಮೇಲೆ ತೂತು ಇದೆಯೋ ಇಲ್ಲವೋ, ಎಲ್ಲ ಬರೆದುಕೊಳ್ಳಬೇಕು. ಒಂದು ಮನೆ ಅಳೆದರೆ ಸಾಲದು, ಸಿಕ್ಕಷ್ಟು ಮನೆ ಅಳೆಯಬೇಕು, ಯಾಕೆಂದರೆ ಒಂದೇ ವಠಾರದಲ್ಲೂ ಮನೆ ಮನೆಗೆ ವ್ಯತ್ಯಾಸ ಇರುತ್ತದೆ.

ಇಷ್ಟು ಮಾಡಿದ ಮೇಲೆ ಹೊಸದು ಅನ್ನಬಹುದಾ? ಇಲ್ಲ! ಈಗ ಕಪಾಟಿನ ಹತ್ತಿರ ಹೋಗಬೇಕು. ಬ್ರಿಟಿಷರ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಮುದ್ರಗಳನ್ನೆಲ್ಲ ಜಾಲಾಡಿ ತಂದ ಬ್ರಯೋಜೋವನ್‌ಗಳನ್ನು ಜಾರ್ಜ್ ಬಸ್ಕ್ ಅನ್ನುವವರು ವರ್ಣಿಸಿದರು. ವೃತ್ತಿಯಿಂದ ಸರ್ಜನ್. 1884ರಲ್ಲಿ ಒಂದು ಭಾಗ, 1886ರಲ್ಲಿ ಇನ್ನೊಂದು ಭಾಗ, ಅದೇ ವರ್ಷ ತೀರಿಕೊಂಡರು. ಆಳದ ಬ್ರಯೋಜೋವನ್ ಕೈಗೆ ಬಂದರೆ ಇವತ್ತಿಗೂ ಅವರ ಪುಟ ತೆರೆಯದೆ ಗತಿಯಿಲ್ಲ. ಪುಟದ ಚಿತ್ರ ಸಾಲದೆ ಹೋದರೆ ಅವರು ನೋಡಿದ ಅದೇ ಚೂರನ್ನು ಲಂಡನ್ನಿನ ಮ್ಯೂಸಿಯಂನಲ್ಲಿ ಹುಡುಕಿಸಿ, ಅದರ ಫೋಟೋವನ್ನು ನಮ್ಮ ಫೋಟೋ ಪಕ್ಕದಲ್ಲಿಟ್ಟು ನೋಡಬೇಕು.

ಹೀಗೆ ನೋಡದಿದ್ದರೆ ಏನಾಗುತ್ತದೆ ಹೇಳುತ್ತೇನೆ. 1766ರಲ್ಲಿ ಪಲ್ಲಾಸ್ ಎಂಬವರು ಹೆಸರಿಟ್ಟ ಒಂದು ಜಾತಿ ಇದೆ, ಈಗ ಅದಕ್ಕೆ ಮೈಕ್ರೊಪೊರೆಲ್ಲಾ ಸಿಲಿಯೇಟಾ ಅನ್ನುತ್ತಾರೆ. ಅರ್ಧಚಂದ್ರದ ಬಾಗಿಲು, ಕೆಳಗೊಂದು ಕಿಂಡಿ ಇದ್ದದ್ದಕ್ಕೆಲ್ಲ ಜನ ಆ ಹೆಸರನ್ನೇ ಅಂಟಿಸಿದರು. ಉತ್ತರ ಧ್ರುವದ ಕಡೆಯೂ ಅದೇ, ಮೆಡಿಟರೇನಿಯನ್‌ನಲ್ಲೂ ಅದೇ, ಪ್ರಪಂಚದ ತುಂಬ ಅದೇ ಅಂತ ಪುಸ್ತಕಗಳು ಹೇಳಿದವು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ಅದು ಒಂದು ಜಾತಿಯಲ್ಲ, ಎಷ್ಟೋ ಜಾತಿ ಅಂತ ಬಯಲಾಯಿತು. ಅವೆಲ್ಲ ಇಷ್ಟು ವರ್ಷ ಎಲ್ಲಿದ್ದವು? ಕಪಾಟಿನಲ್ಲೇ ಇದ್ದವು, ತಪ್ಪು ಚೀಟಿ ಅಂಟಿಸಿಕೊಂಡು.

ಎಲ್ಲ ಹೋಲಿಸಿ, ಯಾವುದಕ್ಕೂ ಹೊಂದಲಿಲ್ಲ ಅಂತಾದಾಗ ಮಾತ್ರ ಹೆಸರು. ಎರಡು ಪದದ ಹೆಸರು, ಜೊತೆಗೆ ವರ್ಣನೆ, ಉಳಿದ ಜಾತಿಗಳಿಗಿಂತ ಇದು ಎಲ್ಲಿ ಬೇರೆ ಅನ್ನುವ ವಿವರ. ಒಂದು ಚೂರನ್ನು ಆ ಹೆಸರಿನ ಅಧಿಕೃತ ನಮೂನೆ ಅಂತ ಗೊತ್ತುಮಾಡಿ, ನಂಬರ್ ಹಾಕಿ ಮ್ಯೂಸಿಯಂಗೆ ಕೊಡಬೇಕು. ನಾಳೆ ಇನ್ಯಾರೋ ಬಂದು ಅವರ ಚೂರನ್ನು ನಮ್ಮದರ ಪಕ್ಕ ಇಟ್ಟು ನೋಡಬೇಕಲ್ಲ, ಅದಕ್ಕೆ.

ಇದರಿಂದ ನಮಗೇನು ಉಪಯೋಗ ಅಂತ ಕೇಳುವವರು ಇದ್ದೇ ಇರುತ್ತಾರೆ, ಕೇಳಿ ಕೇಳಿ ನನಗೂ ಸಾಕಾಗಿದೆ. ಒಂದೇ ಉದಾಹರಣೆ ಕೊಡುತ್ತೇನೆ. ಹವಾಯಿ ಮತ್ತು ಮೆಕ್ಸಿಕೋ ನಡುವೆ ಶಾಂತಸಾಗರದಲ್ಲಿ ಕ್ಲಾರಿಯನ್ ಕ್ಲಿಪ್ಪರ್ಟನ್ ಅನ್ನುವ ಪ್ರದೇಶವಿದೆ. ಆಳ 4000 ಮೀಟರಿಗಿಂತ ಜಾಸ್ತಿ. ತಳವೆಲ್ಲ ಕೆಸರು, ಕೆಸರಿನ ಮೇಲೆ ಲೋಹದ ಗಂಟುಗಳು, ಅಂದರೆ ಲೋಹ ತುಂಬಿದ ಕಲ್ಲಿನಂಥ ಉಂಡೆಗಳು. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್. 10 ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಗಂಟುಗಳು ಅವು. ಬ್ರಯೋಜೋವನ್ ಮರಿಗೆ ಕೂರಲು ಗಟ್ಟಿ ಜಾಗ ಬೇಕು, ಆ ಕೆಸರಿನಲ್ಲಿ ಗಟ್ಟಿ ಅಂದರೆ ಹೆಚ್ಚಾಗಿ ಆ ಗಂಟೇ. ಗಣಿಗಾರಿಕೆಯವರಿಗೆ ಬೇಕಾದದ್ದೂ ಅದೇ ಗಂಟು. ಗಂಟು ಹುಡುಕಲು ರಷ್ಯಾದ ಪಾಲಿಗಿರುವ ಜಾಗದ ಗಂಟುಗಳನ್ನು ನೋಡಿ, ರಷ್ಯಾ ಮತ್ತು ನ್ಯೂಜಿಲೆಂಡಿನ ವಿಜ್ಞಾನಿಗಳು 2018ರಲ್ಲಿ ಹೊಸ ಬ್ರಯೋಜೋವನ್‌ಗಳನ್ನು ವರ್ಣಿಸಿದರು. ಈ ಪ್ರದೇಶದಿಂದ ಈವರೆಗೆ ಗೊತ್ತಾಗಿರುವ ಜೀವಿಗಳಲ್ಲಿ ಸುಮಾರು ಶೇಕಡ 90ಕ್ಕೆ ಇನ್ನೂ ಹೆಸರೇ ಇಲ್ಲ ಅಂತ 2023ರಲ್ಲಿ ಲೆಕ್ಕ ಹಾಕಿದ್ದಾರೆ. ಗಂಟು ಎತ್ತಿದ ಮೇಲೆ ಏನು ಹೋಯಿತು, ಏನು ಉಳಿಯಿತು ಅಂತ ಹೇಳಲು ಮೊದಲು ಏನಿತ್ತು ಅಂತ ಗೊತ್ತಿರಬೇಕಲ್ವಾ? ನಮ್ಮ ದೇಶವೂ ದೂರ ನಿಂತು ನೋಡುತ್ತಿಲ್ಲ. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಇಂಥದೇ ಗಂಟುಗಳನ್ನು ಹುಡುಕುವ ಹಕ್ಕು ಭಾರತಕ್ಕಿದೆ.

ಔಷಧಿಯ ವಿಷಯ, ಹಡಗಿನ ಅಡಿ ಹಾಳುಮಾಡುವ ಬ್ರಯೋಜೋವನ್‌ಗಳ ವಿಷಯ, ಎರಡನ್ನೂ ಬರೆದುಕೊಂಡು ಬಂದಿದ್ದೆ. ಈಗ ಟೈಮಿಲ್ಲ.

ಕೊನೆಗೆ ದೋಣಿಯವರಿಗೆ ಒಂದು ಮಾತು. ಆಳದ ಬಲೆಗೆ ಹಕ್ಕಳೆ ಹತ್ತಿದ ಕಲ್ಲೋ ಚಿಪ್ಪೋ ಬಂದರೆ ಕೆರೆಯಬೇಡಿ, ಉಜ್ಜಿ ತೊಳೆಯಬೇಡಿ. ನೆರಳಿನಲ್ಲಿ ಒಣಗಿಸಿ, ಒಂದು ಕವರ್‌ಗೆ ಹಾಕಿ, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಕೊಡಿ. ಜೊತೆಗೆ ಒಂದು ಚೀಟಿ ಇರಲಿ: ಎಲ್ಲಿ, ಎಷ್ಟು ಆಳ, ಯಾವ ದಿನ. ಚೀಟಿ ಇಲ್ಲದ ಕಲ್ಲನ್ನು ಯಾವುದರ ಪಕ್ಕದಲ್ಲಿಟ್ಟರೂ ಉಪಯೋಗವಿಲ್ಲ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಒದ್ದೆಯಾದರೆ ಹೋಗುತ್ತದೆ. ನಮಸ್ಕಾರ.