ಕೋಲು ಯಾರ ಕೈಯಲ್ಲಿತ್ತು?

ಕೇಳುಗರೆಲ್ಲರಿಗೂ ನಮಸ್ಕಾರ. ಟೊರಾಂಟೊ ಕಡೆ ಮಕ್ಕಳು ಮೊಮ್ಮಕ್ಕಳಿದ್ದು, ಅವರ ಜೊತೆ ಕುಳಿತು ಐಸ್ ಹಾಕಿ ನೋಡಿ ಬಂದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅವನೇನು ಬೇಕೆಂದು ಹೊಡೆಯಲಿಲ್ಲವಲ್ಲ, ಮತ್ತೆ ಶಿಕ್ಷೆ ಏಕೆ?" ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ರೆಫರಿ ನೋಡುವುದು ಕೋಲನ್ನು, ಮನಸ್ಸನ್ನಲ್ಲ.

ಚಿನ್ನಿದಾಂಡು ಆಡುವಾಗ ನಿಮ್ಮ ದಾಂಡು ಪಕ್ಕದ ಮನೆಯ ಹುಡುಗನ ಹಣೆಗೆ ಬಡಿಯಿತು ಎನ್ನಿ. "ಗೊತ್ತಾಗಲಿಲ್ಲ" ಎಂದರೆ ಅವನ ತಾಯಿ ಬಿಡುತ್ತಾಳೆಯೇ? ಕೆನಡಾ-ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್, ಅದರ ನಿಯಮವೂ ಆ ತಾಯಿಯ ಹಾಗೆಯೇ. ಮೇಲೆದ್ದ ಕೋಲು ಎದುರಾಳಿಯ ಮುಖಕ್ಕೆ ತಾಗಿದರೆ 2 ನಿಮಿಷ ಹೊರಗೆ. ಗಾಯವಾದರೆ 4 ನಿಮಿಷ. ಪಕ್‌ಗೆ, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಗೆ, ಬೀಸಿದ ಭರದಲ್ಲಿ ತಾಗಿದರೆ ವಿನಾಯಿತಿ ಉಂಟು, ಅದು ಇವತ್ತು ಬೇಡ.

1993ರ ಮೇ 27, ಲಾಸ್ ಏಂಜಲೀಸ್. ಊರಿನ ತಂಡ ಕಿಂಗ್ಸ್. ಎದುರಿಗೆ ಟೊರಾಂಟೊದ ಮೇಪಲ್ ಲೀಫ್ಸ್. ಸರಣಿಯಲ್ಲಿ ಟೊರಾಂಟೊ 3-2ರಿಂದ ಮುಂದಿತ್ತು. ಇದೊಂದು ಗೆದ್ದರೆ ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್‌ನ ಫೈನಲ್. 4-4 ಸಮವಾಗಿ ಆಟ ಹೆಚ್ಚುವರಿ ಅವಧಿಗೆ ಹೋಯಿತು. ಆಗ ಕಿಂಗ್ಸ್ ತಂಡದ ವೇನ್ ಗ್ರೆಟ್ಸ್‌ಕಿ, ಈ ಆಟದ ಸಚಿನ್ ಎನ್ನಿ, ಅವರ ಕೋಲು ಟೊರಾಂಟೊದ ಡಗ್ ಗಿಲ್ಮೋರ್ ಗದ್ದಕ್ಕೆ ಬಡಿಯಿತು. ಗದ್ದದಿಂದ ರಕ್ತ. ಆ ಕಾಲದಲ್ಲಿ ಪಂದ್ಯಕ್ಕೆ ಒಬ್ಬರೇ ರೆಫರಿ. ಅಂದು ಕೆರಿ ಫ್ರೇಸರ್. ಅವರಿಗೆ ಕಾಣಲಿಲ್ಲ. ಇಬ್ಬರು ಲೈನ್ಸ್‌ಮನ್‌ಗಳನ್ನು ಕರೆದು ಕೇಳಿದರು. ಅವರಿಗೂ ಕಂಡಿರಲಿಲ್ಲ. ರಕ್ತ ಕಣ್ಣೆದುರಿಗಿದೆ, ಕೋಲು ಯಾರದೆಂದು ಹೇಳುವವರಿಲ್ಲ! ಶಿಕ್ಷೆ ಸಾರಲು ತೋಳು ಮೇಲೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಗೋಲು ಬಿತ್ತು. ಹೊಡೆದವರು ಯಾರು? ಅದೇ ಗ್ರೆಟ್ಸ್‌ಕಿ. ಪಂದ್ಯ ಕಿಂಗ್ಸ್ ಪಾಲಾಯಿತು. ಎರಡು ದಿನದ ಬಳಿಕ ಟೊರಾಂಟೊದಲ್ಲೇ ನಡೆದ 7ನೇ ಪಂದ್ಯದಲ್ಲಿ ಅವರು ಇನ್ನೂ 3 ಗೋಲು ಹೊಡೆದರು. ಟೊರಾಂಟೊ ಮನೆಗೆ ಹೋಯಿತು. ತಪ್ಪಾಯಿತೆಂದು ಫ್ರೇಸರ್ ಮುಂದೆ ಒಪ್ಪಿಕೊಂಡರೂ ಆ ಊರು ಮಾತ್ರ ಅದನ್ನು ಇನ್ನೂ ಮರೆತಿಲ್ಲ.

ಈಗ ಗಮನಿಸಿ. ಆ ಮೂವರು ತಲೆ ಕೂಡಿಸಿ ನಿಂತಾಗ ಅವರಿಗೆ ಬೇಕಾಗಿದ್ದುದು "ನೀನು ನೋಡಿದೆಯಾ?" ಎಂಬುದಕ್ಕೆ ಉತ್ತರ. ಗ್ರೆಟ್ಸ್‌ಕಿ ಸಂಭಾವಿತರು, ಬೇಕೆಂದು ಹೊಡೆಯುವವರಲ್ಲ ಎಂಬುದು ಲೆಕ್ಕಕ್ಕೇ ಬರುವ ಮಾತಲ್ಲ. ರೆಫರಿ ನೋಡುವುದು ಕೋಲನ್ನು! ಎಷ್ಟು ಸಲ ಹೇಳಿದರೂ ನಮ್ಮವರು ಮತ್ತೆ ಮನಸ್ಸಿಗೇ ಬರುತ್ತಾರೆ.

ಬೇಕೆಂದೇ ಗಾಯ ಮಾಡಿದವನನ್ನು ಪಂದ್ಯದಿಂದಲೇ ಹೊರಹಾಕುವ ಶಿಕ್ಷೆ ಇದೆ, ನಿಜ. ಅಲ್ಲಿಯೂ ಸಾಕ್ಷಿ ಹೇಳುವುದು ಮೈಯೇ. ಎದುರಾಳಿಯ ಬೆನ್ನಿನ ಸಂಖ್ಯೆ ಅವನಿಗೆ ಕಾಣುತ್ತಿತ್ತೇ? ಪಕ್ ಆಗಲೇ ಮುಂದೆ ಹೋಗಿತ್ತೇ? ಮೊಣಕೈ ಮೇಲೆದ್ದಿತೇ? ಕೊನೆಯ ಗಳಿಗೆಯಲ್ಲಿ ನಿಧಾನಿಸುವ ಬದಲು ಸ್ಕೇಟ್ ಒತ್ತಿದನೇ?

ಇನ್ನು, ತನ್ನ ಕಡೆಯ ವಲಯದಿಂದ ಪಕ್ ಅನ್ನು ನೇರವಾಗಿ ಅಂಗಳದ ಸುತ್ತಲಿನ ಗಾಜಿನ ಮೇಲಿಂದ ಆಚೆ ಹೊಡೆದವನ ಸಂಗತಿ. 2005-06ರಿಂದ ಅದಕ್ಕೆ ತಪ್ಪದೆ 2 ನಿಮಿಷ. ಹೊತ್ತು ಕಳೆಯಲು ಹೊಡೆದನೋ, ಕೋಲು ಜಾರಿತೋ, ಯಾರೂ ಕೇಳುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕೆಂದಿದ್ದೆ, ಆದರೆ ಸ್ಟುಡಿಯೊ ಗಾಜಿನಾಚೆ ಕುಳಿತವರು ಆಗಲೇ ತೋಳು ಎತ್ತಿದ್ದಾರೆ. ಬೇಕೆಂದು ಹೊತ್ತು ಮೀರಿದ್ದಲ್ಲ ಎಂದು ನಾನಂತೂ ಹೇಳುವ ಹಾಗಿಲ್ಲ. ನಮಸ್ಕಾರ.