ಶಿರಾಡಿ ಘಾಟಿಯಲ್ಲಿ ಕಿವಿ ಕಟ್ಟಿದವರು ಫೈಟರ್ ಪೈಲಟ್ ಆಗಬಹುದಾ?

[ದೃಶ್ಯ: ಶಿರಾಡಿ ಘಾಟಿ. ಮಂಜು. ಕೆಂಪು ಬಸ್ಸೊಂದು ತಿರುವಿನಲ್ಲಿ ಇಳಿಯುತ್ತಿದೆ.]

ಹಾಸನದಿಂದ ಧರ್ಮಸ್ಥಳಕ್ಕೆ ಹೊರಟಿದ್ದೀರಿ. ಸಕಲೇಶಪುರ ದಾಟಿತು. ಬಸ್ಸು ಘಾಟಿ ಇಳಿಯಲು ಶುರು ಮಾಡಿತು. ಮಾರನಹಳ್ಳಿ ಕಳೆಯುವಷ್ಟರಲ್ಲಿ ಕಿವಿ ಗುಂಯ್ ಅಂತ ಕಟ್ಟಿಕೊಂಡಿತು. ಪಕ್ಕದಲ್ಲಿ ಕೂತ ಅಜ್ಜಿ "ಎಂಜಲು ನುಂಗು ಮಗಾ" ಅಂದರು. ನುಂಗಿದಿರಿ. ಟಪ್ ಅಂತ ಬಿಟ್ಟಿತು.

ಪೈಲಟ್ ಆಗಬೇಕು ಅಂತ ಬೆಂಗಳೂರಿಗೆ ಬಂದ ಹುಡುಗರ ಕಿವಿಯಲ್ಲೂ ವಾಯುಪಡೆಯ ಡಾಕ್ಟರು ಇದೇ "ಟಪ್" ಅನ್ನು ಹುಡುಕುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ.

[ದೃಶ್ಯ: ನಿರೂಪಕ, ಹಾಸನದ ಜಿಲ್ಲಾ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು.]

ನಮಸ್ಕಾರ. ಈ ಸ್ಟೇಡಿಯಂ ಇದೆಯಲ್ಲ, ಪಿಯುಸಿ ಓದುವಾಗ ಎರಡು ವರ್ಷ ಬೆಳಗ್ಗೆ ಐದಕ್ಕೆ ಇಲ್ಲಿ ಓಡಿದ್ದೇನೆ. ಚಳಿಗಾಲದಲ್ಲಿ ಹಾಸನದ ಬೆಳಗಿನ ಐದು ಗಂಟೆ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ದಂಡ, ಬಸ್ಕಿ, ಪುಲ್‌ಅಪ್, ಎಲ್ಲ ಮಾಡಿದೆ. ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಅರ್ಜಿ ತುಂಬುವ ಹೊತ್ತಿಗೆ ಯಾರೋ ಹೇಳಿದರು, ಒಂದ್ಸಲ ಕಣ್ಣು ತೋರಿಸಿಬಿಡು ಅಂತ. ಕನ್ನಡಕದ ಅಂಗಡಿಗೆ ಹೋದೆ. ಹತ್ತು ನಿಮಿಷ. ಮೈನಸ್ 0.75. ವಿಮಾನ ಹಾರಿಸುವ ಫ್ಲೈಯಿಂಗ್ ಬ್ರಾಂಚಿಗೆ ಮೈನಸ್ ನಡೆಯುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು.

ಎರಡು ವರ್ಷ ಓಡಿದ್ದಕ್ಕೆ ನನಗೆ ಬೇಜಾರಿಲ್ಲ. ಆ ಹತ್ತು ನಿಮಿಷವನ್ನು ಮೊದಲೇ ಖರ್ಚು ಮಾಡಲಿಲ್ಲವಲ್ಲ, ಅದಕ್ಕೆ ಬೇಜಾರು. ಹಾಗಾಗಿ ಓಡಿ ಸರಿಮಾಡಲಾಗದ ಸಂಗತಿಗಳನ್ನೇ ಈವತ್ತು ಜಾಸ್ತಿ ಮಾತಾಡುತ್ತೇನೆ.

[ಪರದೆಯ ಮೇಲೆ: ಗೋಡೆಗೆ ಒರಗಿ ಕೂತ ಹುಡುಗನ ಚಿತ್ರ, ಪಕ್ಕದಲ್ಲಿ ಅಳತೆ ಟೇಪು.]

ಮೊದಲು ಟೇಪಿನ ವಿಷಯ. ಫ್ಲೈಯಿಂಗ್ ಬ್ರಾಂಚಿಗೆ ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಅವರು ನಿಮ್ಮನ್ನು ಕೂರಿಸಿ ಇನ್ನೂ ಮೂರು ಅಳತೆ ತೆಗೆಯುತ್ತಾರೆ. ಕೂತಾಗಿನ ಎತ್ತರ 81.5ರಿಂದ 96 ಸೆಂಟಿಮೀಟರ್ ಒಳಗಿರಬೇಕು. ಕಾಲಿನ ಉದ್ದ 99ರಿಂದ 120. ತೊಡೆಯ ಉದ್ದ 64 ದಾಟಬಾರದು.

ದರ್ಜಿ ಬಟ್ಟೆಗೆ ಅಳತೆ ತೆಗೆದುಕೊಳ್ಳುತ್ತಾನಲ್ಲ, ಇದು ಅದರ ಉಲ್ಟಾ. ಬಟ್ಟೆ ಆಗಲೇ ಹೊಲಿದಾಗಿದೆ. ಕಾಕ್‌ಪಿಟ್ ಅನ್ನೋ ಆ ಬಟ್ಟೆಗೆ ನೀವು ಹೊಂದಬೇಕು. ಕಾಲು ಗಿಡ್ಡ ಆದರೆ ವಿಮಾನದ ಮೂತಿಯನ್ನು ಎಡ ಬಲ ತಿರುಗಿಸುವ ರಡ್ಡರ್ ಪೆಡಲ್ ಪೂರ್ತಿ ಒತ್ತಲು ಆಗುವುದಿಲ್ಲ. ಕೂತಾಗ ತೀರಾ ಎತ್ತರ ಇದ್ದರೆ ಹೆಲ್ಮೆಟ್ ಮೇಲಿನ ಗಾಜಿಗೆ ತಾಗುತ್ತದೆ. ತೊಡೆ ಉದ್ದ ಆದರೆ? ಅಪಾಯ ಬಂದಾಗ ಸೀಟು ಪೈಲಟ್ ಸಮೇತ ರಾಕೆಟ್ಟಿನಂತೆ ಮೇಲೆ ಹಾರುತ್ತದೆ. ಮಂಡಿ ಮುಂದೆ ಚಾಚಿಕೊಂಡಿದ್ದರೆ ಎದುರಿನ ಪ್ಯಾನೆಲ್ಲಿಗೆ ಬಡಿಯುತ್ತದೆ. ಆಮೇಲೆ ಆ ಮಂಡಿಯ ಗತಿ ಏನು ಅಂತ ನಾನು ಬಿಡಿಸಿ ಹೇಳುವುದಿಲ್ಲ.

ಬೆನ್ನುಮೂಳೆಯ ಎಕ್ಸ್‌ರೇ ತೆಗೆಯುವುದೂ ಆ ಸೀಟಿನ ಕಾರಣಕ್ಕೇ. ಹಾರುವ ಆ ಕ್ಷಣ ಬೆನ್ನಿನ ಮೇಲೆ ದೇಹದ ತೂಕದ ಹತ್ತಾರು ಪಟ್ಟು ಭಾರ ಬೀಳುತ್ತದೆ. ಗಟ್ಟಿ ಬೆನ್ನೇ ಕೆಲವು ಸಲ ಬಿರುಕು ಬಿಡುತ್ತದೆ. ಹುಟ್ಟಿನಿಂದಲೇ ಮೂಳೆಯಲ್ಲಿ ಸಣ್ಣ ಊನ ಇದ್ದರೆ, ನಿಮಗೆ ಇಲ್ಲಿಯವರೆಗೆ ಒಂದು ದಿನವೂ ನೋವು ಬಂದಿರಲಿಕ್ಕಿಲ್ಲ. ಅವರು ಬೇಡ ಅಂದರೆ ನೀವು ರೋಗಿ ಅಂತಲ್ಲ. ಆ ಸೀಟಿಗೆ ಆಗುವುದಿಲ್ಲ, ಅಷ್ಟೇ.

[ದೃಶ್ಯ: ಕಾಫಿ ತೋಟ. ಒಂದೇ ರೆಂಬೆಯಲ್ಲಿ ಕೆಂಪು ಹಣ್ಣು, ಹಸಿರು ಕಾಯಿ.]

ಈಗ ಬಣ್ಣ. ಈ ಪರೀಕ್ಷೆ ಮಲೆನಾಡಿನವರಿಗೆ ಪುಕ್ಕಟೆ ಸಿಗುತ್ತದೆ.

ಕಾಫಿ ಹಣ್ಣು ಕೊಯ್ಯುವಾಗ ಕೆಲವರು ಬುಟ್ಟಿಗೆ ಪದೇ ಪದೇ ಹಸಿರು ಕಾಯಿ ಸೇರಿಸುತ್ತಾರೆ. ಬೈಸಿಕೊಳ್ಳುತ್ತಾರೆ. "ಕಣ್ಣು ಕಾಣಲ್ವಾ?" ಅಂತ ತೋಟದ ರೈಟರ್ ಕೂಗುತ್ತಾರೆ. ಕೆಲವು ಸಲ ನಿಜವಾಗಿಯೂ ಕಾಣುವುದಿಲ್ಲ. ಕೆಂಪು ಮತ್ತು ಹಸಿರು ಅವರಿಗೆ ಹೆಚ್ಚು ಕಡಿಮೆ ಒಂದೇ ಮಣ್ಣು ಬಣ್ಣ. ಜೀವನಪೂರ್ತಿ ಗೊತ್ತೇ ಆಗದೆ ಕಳೆದವರಿದ್ದಾರೆ.

ಇದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಕ್ಕಳಿಗೆ ಎಕ್ಸ್ ಒಂದೇ. ಅದೂ ಅಮ್ಮನಿಂದ ಬಂದದ್ದು. ಹಾಗಾಗಿ ಹುಡುಗರಲ್ಲಿ ಇದು ಜಾಸ್ತಿ, ಹುಡುಗಿಯರಲ್ಲಿ ತೀರಾ ಕಡಿಮೆ. ನಿಮ್ಮ ಸೋದರಮಾವನೋ, ಅಮ್ಮನ ಅಪ್ಪನೋ ಹಣ್ಣು ಕಾಯಿ ಕಲಸುವವರಾಗಿದ್ದರೆ, ನೀವು ಅರ್ಜಿ ಹಾಕುವ ಮೊದಲು ಪರೀಕ್ಷೆ ಮಾಡಿಸಿ. ಚುಕ್ಕಿಗಳ ನಡುವೆ ಅಂಕಿ ಓದಿಸುವ ಪುಸ್ತಕ ಇದೆಯಲ್ಲ, ಇಶಿಹಾರಾ ಅಂತ, ಅದು ಸಾಕು. ಜಪಾನಿನ ಡಾಕ್ಟರ್ ಶಿನೋಬು ಇಶಿಹಾರಾ 1917ರಲ್ಲಿ ಅದನ್ನು ಪ್ರಕಟಿಸಿದರು. ಅವರು ಮಾಡಿದ್ದೇ ಸೈನ್ಯಕ್ಕೆ ಸೇರುವವರ ಕಣ್ಣು ನೋಡಲು.

ಬಣ್ಣ ಯಾಕೆ ಬೇಕು? ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲ ರೆಕ್ಕೆಯಲ್ಲಿ ಹಸಿರು. ಕತ್ತಲಲ್ಲಿ ಇನ್ನೊಂದು ವಿಮಾನ ನಿಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಂತ ಅದರಿಂದಲೇ ತಿಳಿಯಬೇಕು.

ದೃಷ್ಟಿಯ ವಿಷಯ ಆಗಲೇ ಹೇಳಿದೆ. ಒಂದು ಕಣ್ಣು 6/6, ಇನ್ನೊಂದು ಕನಿಷ್ಠ 6/9. "ಲೇಸರ್ ಮಾಡಿಸಿದರೆ ಆಯ್ತಲ್ಲ ಸಾರ್" ಅಂತ ಕೇಳುವವರು ತುಂಬಾ ಜನ. ಲೇಸರ್‌ಗೆ ಷರತ್ತುಗಳಿವೆ. 20 ವರ್ಷ ತುಂಬುವ ಮೊದಲು ಮಾಡಿಸಿರಬಾರದು. ಮಾಡಿಸಿ ಒಂದು ವರ್ಷವಾದರೂ ಆಗಿರಬೇಕು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಇಷ್ಟು ದಪ್ಪ ಉಳಿದಿರಬೇಕು ಅಂತ ಲೆಕ್ಕವಿದೆ. ಪಿಯುಸಿ ಹುಡುಗ ಎನ್‌ಡಿಎಗೆ ಹೋಗುವ ವಯಸ್ಸಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಡಿಗ್ರಿ ಮುಗಿಸಿ ಹೋಗುವವರು ಆ ವರ್ಷದ ಅಧಿಸೂಚನೆಯನ್ನು ಸಾಲು ಸಾಲು ಓದಿ. ನಿಯಮ ಆಗಾಗ ತಿದ್ದುಪಡಿ ಆಗುತ್ತದೆ.

[ದೃಶ್ಯ: ಬೇಸಿಗೆಯ ಕಾಫಿ ತೋಟ. ಕೆಳಗೆ ಹಳ್ಳದಲ್ಲಿ ಪಂಪ್‌ಸೆಟ್, ಮೇಲೆ ಗುಡ್ಡದಲ್ಲಿ ಸ್ಪ್ರಿಂಕ್ಲರ್.]

ಈಗ ನನಗೆ ಅತಿ ಇಷ್ಟದ ಭಾಗ. ಜಿ.

ಫೆಬ್ರವರಿ, ಮಾರ್ಚಿನಲ್ಲಿ ಹೂ ಅರಳಿಸಲು ತೋಟಕ್ಕೆ ನೀರು ಹಾಯಿಸುತ್ತಾರೆ. ಪಂಪು ಹಳ್ಳದಲ್ಲಿ, ನೀರು ಚಿಮ್ಮಿಸುವ ಜೆಟ್ಟು ಗುಡ್ಡದ ಮೇಲೆ. ಪಂಪಿನ ತಾಕತ್ತು ಅಷ್ಟೇ ಇಟ್ಟು, ಗುಡ್ಡವನ್ನು ಇದ್ದಕ್ಕಿದ್ದಂತೆ ಐದು ಪಟ್ಟು ಎತ್ತರ ಮಾಡಿದರೆ ಏನಾಗುತ್ತದೆ? ಮೇಲಿನ ಜೆಟ್ಟಿಗೆ ನೀರು ಹತ್ತುವುದಿಲ್ಲ. ಪಂಪು ಕೆಟ್ಟಿಲ್ಲ, ಪೈಪೂ ಒಡೆದಿಲ್ಲ. ಆದರೂ ನೀರಿಲ್ಲ.

ನಿಮ್ಮ ಹೃದಯ ಆ ಪಂಪು. ಕಣ್ಣು, ಮಿದುಳು ಗುಡ್ಡದ ಮೇಲಿನ ಜೆಟ್ಟು. ಫೈಟರ್ ವಿಮಾನ ಜೋರಾಗಿ ತಿರುಗಿದಾಗ ದೇಹದ ತೂಕ ಎರಡು ಪಟ್ಟು, ನಾಲ್ಕು ಪಟ್ಟು, ಒಂಬತ್ತು ಪಟ್ಟಿನವರೆಗೂ ಆಗುತ್ತದೆ. ಇದನ್ನೇ 2 ಜಿ, 4 ಜಿ, 9 ಜಿ ಅನ್ನುವುದು. ತಲೆ ಮತ್ತು ಹೆಲ್ಮೆಟ್ ಸೇರಿ ಏಳು ಕಿಲೋ ಅಂತ ಇಟ್ಟುಕೊಳ್ಳಿ. 9 ಜಿಯಲ್ಲಿ ಕುತ್ತಿಗೆ ಹೊರಬೇಕಾದದ್ದು 63 ಕಿಲೋ. ಒಂದು ಮೂಟೆ ಕಾಫಿ ತಲೆ ಮೇಲೆ ಇಟ್ಟ ಹಾಗೆ. ಅದನ್ನು ಹೊತ್ತುಕೊಂಡೇ ಹಿಂದೆ ತಿರುಗಿ ಶತ್ರು ಎಲ್ಲಿದ್ದಾನೆ ಅಂತ ನೋಡಬೇಕು. ಫೈಟರ್ ಪೈಲಟ್‌ಗಳಿಗೆ ಕುತ್ತಿಗೆ ನೋವು, ಬೆನ್ನು ನೋವು ತಪ್ಪದ ಜೊತೆಗಾರ ಆಗುವುದು ಹೀಗೆ.

ರಕ್ತಕ್ಕೂ ಅದೇ ತೂಕ. ಪ್ರತಿ ಒಂದು ಜಿ ಏರಿದಾಗ ತಲೆಗೆ ಹೋಗುವ ರಕ್ತದೊತ್ತಡ ಸುಮಾರು 22 ಅಂಶ ಇಳಿಯುತ್ತದೆ. ನಿಮ್ಮ ಬಿಪಿ 120 ಅಂದರೆ ಲೆಕ್ಕ ಹಾಕಿ. ಏನೂ ಮಾಡದೆ ಸುಮ್ನೆ ಕೂತರೆ ನಾಲ್ಕೈದು ಜಿಗೆ ತಲೆ ಬರಿದಾಗುತ್ತದೆ. ಮೊದಲು ಸೋಲುವುದು ಕಣ್ಣು. ಕಣ್ಣುಗುಡ್ಡೆಯ ಒಳಗೆ ಅದರದ್ದೇ ಒತ್ತಡ ಇದೆ, ಅದನ್ನೂ ದಾಟಿ ರಕ್ತ ಒಳಗೆ ನುಗ್ಗಬೇಕು. ಬಣ್ಣ ಮಾಸುತ್ತದೆ. ಸುತ್ತಲಿನಿಂದ ಕಪ್ಪು ಕವಿಯುತ್ತದೆ. ಕೊಳವೆಯಲ್ಲಿ ನೋಡಿದ ಹಾಗೆ. ಆಮೇಲೆ ಪೂರ್ತಿ ಕತ್ತಲು. ಅಲ್ಲೂ ನಿಲ್ಲಿಸದಿದ್ದರೆ ಪ್ರಜ್ಞೆಯೇ ಹೋಗುತ್ತದೆ.

ಹೀಗೆ ಪ್ರಜ್ಞೆ ತಪ್ಪಿದವರಿಗೆ ಎಚ್ಚರ ಬರಲು ಸುಮಾರು 12 ಸೆಕೆಂಡು. ಗಂಟೆಗೆ 800 ಕಿಲೋಮೀಟರ್ ವೇಗದ ವಿಮಾನ ಅಷ್ಟರಲ್ಲಿ ಎರಡೂವರೆ ಕಿಲೋಮೀಟರಿಗೂ ಜಾಸ್ತಿ ಹೋಗಿರುತ್ತದೆ. ಎಚ್ಚರವಾದ ಮೇಲೂ ನಾನು ಎಲ್ಲಿದ್ದೇನೆ ಅಂತ ತಿಳಿಯಲು ಇನ್ನಷ್ಟು ಸೆಕೆಂಡು.

ಪರಿಹಾರ ಎರಡು. ಒಂದು ಜಿ ಸೂಟ್. ಹೊಟ್ಟೆ, ತೊಡೆ, ಮೀನಖಂಡದ ಮೇಲೆ ಗಾಳಿಚೀಲಗಳು ಉಬ್ಬಿ ರಕ್ತ ಕೆಳಗಿಳಿಯದಂತೆ ಹಿಂಡುತ್ತವೆ. ಅದರಿಂದ ಸಿಗುವುದು ಒಂದು, ಒಂದೂವರೆ ಜಿ ಮಾತ್ರ. ಉಳಿದದ್ದು ಪೈಲಟ್ ಸ್ವತಃ ಮಾಡಬೇಕು. ಕಾಲು, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ ತಿಣುಕಬೇಕು. ಮೂರು ಸೆಕೆಂಡಿಗೊಮ್ಮೆ ಪಟ್ ಅಂತ ಉಸಿರು ಬದಲಿಸಬೇಕು. ನಾನು ಓಡಿದ ಓಟ ಇಲ್ಲಿ ಅರ್ಧ ಕೆಲಸಕ್ಕೂ ಬರುತ್ತಿರಲಿಲ್ಲ. ಬೇಕಾಗಿದ್ದದ್ದು ತೊಡೆಯ ಬಲ, ಹೊಟ್ಟೆಯ ಬಲ. ಇನ್ನೊಂದು ವಿಚಿತ್ರ: ಹೃದಯಕ್ಕೂ ಕಣ್ಣಿಗೂ ನಡುವಿನ ದೂರ ಕಡಿಮೆ ಇದ್ದಷ್ಟೂ ಒಳ್ಳೆಯದು. ಗಿಡ್ಡ ಕುತ್ತಿಗೆ ಅಂತ ಸ್ನೇಹಿತರು ರೇಗಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇದನ್ನು ನೆಲದ ಮೇಲೇ ಕಲಿಸುವ ಯಂತ್ರ ಬೆಂಗಳೂರಿನಲ್ಲಿದೆ. ಹಳೆ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. 1957ರಲ್ಲಿ ಶುರುವಾದ ಸಂಸ್ಥೆ. ಉದ್ದನೆ ತೋಳಿನ ತುದಿಯಲ್ಲಿ ಒಂದು ಕೋಣೆ, ಒಳಗೆ ಪೈಲಟ್, ಗಿರಗಿರ ತಿರುಗಿಸುವುದು. ಜಾತ್ರೆಯ ತೊಟ್ಟಿಲು ನೆನಪಾಗುತ್ತದೆ, ಆದರೆ ಕೋಪ ಬಂದ ತೊಟ್ಟಿಲು. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ವಾಯುಪಡೆ ಪೈಲಟ್‌ಗಳೂ ಇದೇ ಸಂಸ್ಥೆಯ ಪರೀಕ್ಷೆ ದಾಟಿ ಬಂದವರು.

[ದೃಶ್ಯ: ಮುಳ್ಳಯ್ಯನಗಿರಿಯ ತುದಿ. ಗಾಳಿ.]

ಮುಳ್ಳಯ್ಯನಗಿರಿ 1930 ಮೀಟರ್. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಅಷ್ಟೇ. ಅದರ ನಾಲ್ಕು ಪಟ್ಟು ಎತ್ತರಕ್ಕೆ, ಅಂದರೆ ಸುಮಾರು 25 ಸಾವಿರ ಅಡಿಗೆ ಹೋಗಿ ಆಮ್ಲಜನಕದ ಮಾಸ್ಕ್ ತೆಗೆದರೆ, ಬುದ್ಧಿ ನೆಟ್ಟಗಿರುವುದು ಮೂರರಿಂದ ಐದು ನಿಮಿಷ. 40 ಸಾವಿರ ಅಡಿಯಲ್ಲಿ 15, 20 ಸೆಕೆಂಡು. ಉಸಿರು ಕಟ್ಟಿದ ಹಾಗೆ ಅನಿಸಿದರೆ ಪರವಾಗಿರಲಿಲ್ಲ. ಹಾಗೆ ಅನಿಸುವುದೇ ಇಲ್ಲ. ಖುಷಿ ಅನಿಸುತ್ತದೆ! ಗಾಳಿಯ ಒತ್ತಡ ಇಳಿಸುವ ಕೋಣೆಯಲ್ಲಿ ಕೂರಿಸಿ ಲೆಕ್ಕ ಬರೆಸಿದರೆ ಅಕ್ಷರ ಸೊಟ್ಟಗಾಗುತ್ತಾ ಹೋಗುತ್ತದೆ. ಬರೆಯುವವನು ಮಾತ್ರ ಚೆನ್ನಾಗಿ ಬರೆಯುತ್ತಿದ್ದೇನೆ ಅಂದುಕೊಂಡಿರುತ್ತಾನೆ. ಕುಡಿದವನು "ನಾನು ಕುಡಿದೇ ಇಲ್ಲ" ಅಂದ ಹಾಗೆ. ತನ್ನ ದೇಹದಲ್ಲಿ ಮೊದಲ ಸೂಚನೆ ಯಾವುದು ಅಂತ ಪ್ರತಿ ಪೈಲಟ್ಟಿಗೂ ಅಲ್ಲೇ ಗುರುತು ಮಾಡಿಸುತ್ತಾರೆ. ಒಬ್ಬನಿಗೆ ಬೆರಳು ಜುಮ್ ಅನ್ನುತ್ತದೆ, ಇನ್ನೊಬ್ಬನಿಗೆ ಸುಮ್ಮನೆ ನಗು ಬರುತ್ತದೆ.

[ದೃಶ್ಯ: ಮತ್ತೆ ಶಿರಾಡಿ. ಬಸ್ಸಿನ ಒಳಗಿನಿಂದ.]

ಇನ್ನು ಆ ಕಿವಿ. ಒಂದು ಗಮನಿಸಿದ್ದೀರಾ? ಘಾಟಿ ಹತ್ತುವಾಗ ಕಿವಿ ಅಷ್ಟು ಕಾಡುವುದಿಲ್ಲ. ಇಳಿಯುವಾಗ ಕಾಡುತ್ತದೆ. ಕಿವಿಯ ಒಳಗಿನಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ. ಒಳಗಿನ ಗಾಳಿ ಹೊರಗೆ ಹೋಗಲು ಅದು ಸುಲಭವಾಗಿ ತೆರೆಯುತ್ತದೆ. ಹೊರಗಿನ ಗಾಳಿ ಒಳಗೆ ಬರಲು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನುಂಗಿದರೆ, ಆಕಳಿಸಿದರೆ, ಮೂಗು ಹಿಡಿದು ಊದಿದರೆ ತೆರೆಯುತ್ತದೆ. ಹಾಗೆ ಊದಿಸಿ, ಕಿವಿಯ ತಮಟೆ ಅಲುಗಾಡುತ್ತದಾ ಅಂತ ಡಾಕ್ಟರು ನೋಡುತ್ತಾರೆ.

ಅಂದರೆ ಶಿರಾಡಿಯಲ್ಲಿ ಕಿವಿ ಕಟ್ಟುವುದು ದೋಷವಲ್ಲ. ಬಿಡದಿರುವುದು ದೋಷ. ಮಂಗಳೂರು ಸೇರಿದ ಮೇಲೂ ಪ್ರತಿ ಸಲ ಕಿವಿ ಕಟ್ಟಿಕೊಂಡೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಬಸ್ಸು ಮುಕ್ಕಾಲು ಗಂಟೆ ತೆಗೆದುಕೊಂಡು ಇಳಿಯುವ ಎತ್ತರವನ್ನು ಫೈಟರ್ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಅಜ್ಜಿ ಎಂಜಲು ನುಂಗು ಅನ್ನುವಷ್ಟು ಹೊತ್ತೂ ಇರುವುದಿಲ್ಲ.

ಇದಕ್ಕಾಗಿಯೇ ನೆಗಡಿ ಬಂದ ಪೈಲಟ್ ಹಾರುವಂತಿಲ್ಲ. ಹೌದು, ಬರೀ ನೆಗಡಿ. ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಂದು ನುಂಗಿ ಹೋಗುವ ಹಾಗೂ ಇಲ್ಲ. ನೆಗಡಿ ಮಾತ್ರೆ ಎಷ್ಟೋ ಸಲ ನಿದ್ದೆ ಬರಿಸುತ್ತದೆ. ಇಲ್ಲಿ ಒಂದು ಕಷ್ಟವೂ ಇದೆ. ಡಾಕ್ಟರಿಗೆ ಹೇಳಿದರೆ ನೆಲಕ್ಕೆ ಕೂರಿಸುತ್ತಾರೆ ಅಂತ ಗೊತ್ತಿದ್ದಾಗ ಸಣ್ಣಪುಟ್ಟದ್ದನ್ನು ಬಾಯಿಬಿಡಲು ಯಾರಿಗಾದರೂ ಹಿಂಜರಿಕೆ ಆಗುತ್ತದೆ. ಜಗತ್ತಿನ ಎಲ್ಲ ವಾಯುಪಡೆಗಳಲ್ಲೂ ಇರುವ ತಲೆನೋವು ಇದು. ಅದಕ್ಕೇ ಸ್ಕ್ವಾಡ್ರನ್ನಿನ, ಅಂದರೆ ವಿಮಾನಗಳ ತಂಡದ, ಡಾಕ್ಟರು ಪೈಲಟ್‌ಗಳ ಜೊತೆಯಲ್ಲೇ ಇದ್ದು ಅವರ ವಿಶ್ವಾಸ ಗಳಿಸಬೇಕು.

ಹಲ್ಲು, ಮೂತ್ರಪಿಂಡದ ಕಲ್ಲು, ತೂಕ, ರಕ್ತ ಎಲ್ಲವನ್ನೂ ನೋಡುತ್ತಾರೆ. ಹುಳುಕು ಹಲ್ಲಿನೊಳಗೆ ಗಾಳಿ ಸೇರಿದ್ದರೆ ಮೇಲೆ ಹೋದಾಗ ಅದು ಹಿಗ್ಗಿ ಜೀವ ಹೋಗುವ ನೋವು ಬರುತ್ತದೆ. ಕಿವಿಯ ಗುಗ್ಗೆಗೂ ಹುಡುಗರನ್ನು ತಾತ್ಕಾಲಿಕವಾಗಿ ಹಿಂದೆ ಕಳಿಸುತ್ತಾರೆ. ಅದನ್ನು ಊರಲ್ಲೇ ತೆಗೆಸಿಕೊಂಡು ಹೋಗಬಹುದಿತ್ತು, ಅಲ್ವಾ? "ತಾತ್ಕಾಲಿಕ" ಅಂದರೆ ಸರಿಮಾಡಿಕೊಂಡು ಬಾ ಅಂತ. "ಶಾಶ್ವತ" ಅಂದರೂ ಮೇಲ್ಮನವಿಗೆ ದಾರಿ ಇದೆ. ಅಲ್ಲೇ ಅಳುತ್ತಾ ಬಸ್ಸು ಹತ್ತಬೇಡಿ, ಕಾಗದ ಕೇಳಿ ಪಡೆಯಿರಿ.

ಹುಡುಗಿಯರು ಕೇಳುತ್ತಾರೆ, ನಮಗೂ ಇದೇನಾ ಅಂತ. ಚಿಕ್ಕಮಗಳೂರು ಹತ್ತಿರದ ಮರ್ಲೆಯ ಮೇಘನಾ ಶಾನುಭೋಗ್ 2018ರಲ್ಲಿ ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಿಂದ ಫೈಟರ್ ಪೈಲಟ್ ಆಗಿ ಹೊರಬಂದರು. ಅವರನ್ನೂ ಅದೇ ಜಿ ಎಳೆಯುತ್ತದೆ, ಅದೇ ಸೀಟು ಹೊರುತ್ತದೆ.

[ದೃಶ್ಯ: ಮನೆಯ ಗೋಡೆ. ಪೆನ್ಸಿಲ್ ಗೆರೆಗಳು.]

ಈ ವಿಡಿಯೋ ಮಾಡಲು ಕಾರಣ ನನ್ನ ಅಕ್ಕನ ಮಗ. ಅವನಿಗೂ ಪೈಲಟ್ ಹುಚ್ಚು. ಹದಿನೈದು ವರ್ಷ. ಸ್ಟೇಡಿಯಂಗೆ ಕಳಿಸುವ ಮೊದಲು ಅವನನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಸೊನ್ನೆ. ತೋಟದಲ್ಲಿ ಒಂದು ಬುಟ್ಟಿ ಹಣ್ಣು ಕೊಯ್ಸಿದೆ. ಒಂದು ಹಸಿರು ಕಾಯಿಯೂ ಸಿಗಲಿಲ್ಲ. ಆಮೇಲೆ ಗೋಡೆಗೆ ನಿಲ್ಲಿಸಿ ತಲೆಯ ಮೇಲೆ ಸ್ಕೇಲ್ ಇಟ್ಟೆ.

161. "ಹಿಮ್ಮಡಿ ಎತ್ತಲಾ ಮಾಮ?" ಅಂದ.